ಕಿವಿ ಕೊಯ್ದ ಹಂದಿ

ಹಂದಿಯ ಮುಖವನ್ನು ನಾನು ಮೊಟ್ಟಮೊದಲು ಸರಿಯಾಗಿ ನೋಡಿದ್ದು ಹುಮನಾಬಾದಿನ ನನ್ನ ತವರುಮನೆಯ ಪಾಯಖಾನೆಯಲ್ಲಿ. ಎತ್ತರದ ಕಟ್ಟೆ, ಮೇಲೆ ಎರಡು ಚಪ್ಪಡಿಗಲ್ಲು, ನಡುವೆ ಸಂದು. ಕೆಳಗಿನ ಗೂಡು ಹಿಂದಿನ ಗಲ್ಲಿಗೆ ತೆರೆದಿತ್ತು. ನಾವು ಹತ್ತಿ ಕುಳಿತರೆ ಸಾಕು, ಹೆಜ್ಜೆಸದ್ದು ಕೇಳಿ ಕೆಳಗೆ ಒಂದು ಮೂತಿ ಬಂದು ನಿಂತು, ಸಣ್ಣ ಕಣ್ಣುಗಳನ್ನು ಮೇಲೆತ್ತಿ ಕಾಯುತ್ತಿತ್ತು. ಚಿಕ್ಕವಳಾದ ನಾನು ಹೆದರಿ ಅಳುತ್ತಿದ್ದೆ. ಅಳು ಕೇಳಿದ ಅಜ್ಜಿ ಸ್ನಾನದ ಹಂಡೆಯಿಂದ ಒಂದು ತಂಬಿಗೆ ಕುದಿನೀರು ತಂದು, ಸಂದಿನಿಂದ ನೇರ ಅದರ ಮುಖದ ಮೇಲೆ ಸುರಿಯುತ್ತಿದ್ದಳು. ಆ ಕಿರುಚಾಟ ಇಡೀ ಓಣಿಗೆ ಕೇಳಿಸುತ್ತಿತ್ತು. ಅಜ್ಜಿ ಮಡಿ ಹೆಂಗಸು, ಇರುವೆಗೂ ಸಕ್ಕರೆ ಹಾಕುವವಳು. ನಮ್ಮ ಮನೆಯ ಹೊಲಸು ತಿಂದು ಮನೆಯನ್ನು ಸ್ವಚ್ಛ ಇಟ್ಟ ಪ್ರಾಣಿಗೆ ಆಕೆ ಕೊಟ್ಟ ಪಗಾರ ಅದು. ಅದರ ಹೆಸರನ್ನು ಮಾತ್ರ ಎತ್ತುವಂತಿರಲಿಲ್ಲ. ಎತ್ತಿದರೆ ಬಾಯಿ ಮುಕ್ಕಳಿಸಬೇಕು.

ಮುಂದೆ ಅಪ್ಪ ನನ್ನನ್ನು ಹೈದರಾಬಾದಿನ ಕಾನ್ವೆಂಟ್ ಬೋರ್ಡಿಂಗಿಗೆ ಹಾಕಿದರು. ನೋಡಿದರೆ ಅಲ್ಲಿಯೂ ಕಿಚನ್ನಿನ ಹಿಂದೆ ಹಂದಿದೊಡ್ಡಿ! ಆದರೆ ಅದಕ್ಕೆ ಸಿಮೆಂಟಿನ ನೆಲ, ತೊಟ್ಟಿ, ತಗಡಿನ ನೆರಳು. ಬಯಾಲಜಿ ಕಲಿಸುತ್ತಿದ್ದ ಮುದಿ ಸಿಸ್ಟರ್ ಒಬ್ಬರು ಕೊಡೆ ಹಿಡಿದು ನಮ್ಮನ್ನೆಲ್ಲ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. "ಗರ್ಲ್ಸ್, ದಿಸ್ ಲೇಡಿ ಕ್ಯಾನಾಟ್ ಸ್ವೆಟ್," ಎಂದು ದೊಡ್ಡ ಬಿಳಿ ಹಂದಿಯೊಂದನ್ನು ಪರಿಚಯಿಸಿದರು. ನಮ್ಮ ಹಾಗೆ ಬೆವರಿ ಮೈ ತಂಪು ಮಾಡಿಕೊಳ್ಳಲು ಅದಕ್ಕೆ ಆಗುವುದಿಲ್ಲ, ಅದಕ್ಕೇ ಕೆಸರಿಗೆ ಬೀಳುತ್ತದೆ. ಹೊಲಸಿನ ಮೇಲಿನ ಪ್ರೀತಿಯಿಂದಲ್ಲ. ಕಣ್ಣು ಮಂದ, ಕಿವಿ ಮೂಗು ಚುರುಕು. ಮರಿಗಳು ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತವೆ, ಸೂಜಿಯಂಥ ಹಲ್ಲು ಇರುತ್ತವೆ, ಬಿದ್ದ ತುಸು ಹೊತ್ತಿಗೇ ಎದ್ದು ಕೆಚ್ಚಲು ಹುಡುಕುತ್ತವೆ. ಹುಟ್ಟಿದ ಮೊದಲ ದಿನಗಳಲ್ಲಿ ಕಚ್ಚಾಡಿ ಒಂದೊಂದು ಮರಿ ಒಂದೊಂದು ಮೊಲೆ ಹಿಡಿಯುತ್ತದೆ, ಆಮೇಲೆ ಅದು ಅದರದೇ. ಬಲ ಇದ್ದವಕ್ಕೆ ಮುಂದಿನವು, ಹಾಲು ಹೆಚ್ಚು. ಬಡಕಲಿಗೆ ಹಿಂದಿನದು, ಇಲ್ಲವೆ ಏನೂ ಇಲ್ಲ. "ಜಸ್ಟ್ ಲೈಕ್ ದಿ ಡೈನಿಂಗ್ ಹಾಲ್," ಎಂದು ಸಿಸ್ಟರ್ ನಮ್ಮನ್ನೇ ನೋಡಿ ನಕ್ಕಿದ್ದರು.

ಹಾಲೂಡುವ ಮೊದಲು ತಾಯಿ ಗಂಟಲಲ್ಲೇ ಒಂದು ಲಯ ಹಿಡಿದು ಗುರುಗುಟ್ಟುತ್ತದೆ. ಮರಿಗಳು ಆ ದನಿ ಹಿಡಿದೇ ಬರುವುದು. ಹಂದಿಯ ಲೋಕವೆಲ್ಲ ದನಿಯದೇ ಎಂದು ಸಿಸ್ಟರ್ ಹೇಳುತ್ತಿದ್ದರು. ಆ ವರ್ಷ ಕ್ರಿಸ್‌ಮಸ್ಸಿನ ಮುಂಚೆ ಅಡುಗೆಯವನು ಆ ಬಿಳಿ ಹಂದಿಯನ್ನು ದೊಡ್ಡಿಯಿಂದ ಹೊರಡಿಸಲು ಹೋದ. ಅದು ಮೂಲೆ ಬಿಟ್ಟು ಕದಲಲಿಲ್ಲ. ಕೊನೆಗೆ ಸಿಸ್ಟರೇ ಹೋಗಿ, "ಕಮ್ ಅಲಾಂಗ್, ಓಲ್ಡ್ ಗರ್ಲ್," ಎಂದರು. ಬಾಲ ಆಡಿಸುತ್ತ ಅವರ ಹಿಂದೆಯೇ ಹೊರಗೆ ಬಂತು. ಮರುದಿನ ಲ್ಯಾಬಿನಲ್ಲಿ ಎನಾಮೆಲ್ ಟ್ರೇಯಲ್ಲಿ ಅದರ ಹೃದಯ ಇತ್ತು. ನಾಲ್ಕು ಕೋಣೆ, ನಮ್ಮಂತೆಯೇ. ನಾನು ಡಯಾಗ್ರಾಮ್ ಚೆನ್ನಾಗಿ ಬರೆದೆನೆಂದು ಸಿಸ್ಟರ್ ಗುಡ್ ಹಾಕಿದರು.

ಇಷ್ಟೆಲ್ಲ ಹಳೆಯದು ಈಗ ಯಾಕೆ ನೆನಪಾಗುತ್ತದೆ ಎಂದರೆ ನಮ್ಮ ಮನೆಯ ಹಿಂದಿನ ಪ್ಲಾಟಿನಿಂದಾಗಿ.

ಮದುವೆಯಾಗಿ ಬಸವಕಲ್ಯಾಣಕ್ಕೆ ಬಂದವಳು ಇಲ್ಲಿಯೇ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ, ಇಲ್ಲಿಯೇ ರಿಟೈರ್ ಆದೆ. ಹಿತ್ತಿಲ ಬಾಗಿಲು ತೆಗೆದರೆ ಆ ಖಾಲಿ ಪ್ಲಾಟು. ಅದರ ಮೂಲೆಯಲ್ಲಿ ತಗಡಿನ ಜೋಪಡಿ, ಅದರಲ್ಲಿ ಹಂದಿ ಸಾಕುವ ಒಬ್ಬ ವಿಧವೆ. ಸೊಂಟ ಬಗ್ಗಿದ, ಬಾಯಿ ಜೋರಿದ್ದ ಹೆಂಗಸು. ಉಳಿದ ಅನ್ನಕ್ಕೆ ಬುಟ್ಟಿ ಹಿಡಿದು ಬರುತ್ತಿದ್ದಳು.

"ಅಕ್ಕೋರೆ, ಅನ್ನ ಉಳದದೇನ್ರಿ?"

"ಉಳದದ. ನಿನಗೋ, ನಿನ್ನ ಹಂದಿಗೋ?"

"ಮೊದ್ಲ ಅದಕ್ಕ ಹಾಕ್ತೀನ್ರಿ. ಅದು ಮೂಸಿ ಬಿಟ್ಟದ್ದು ನಾ ತಿಂತೀನಿ. ನಿಮ್ಮ ಕೈಯಡಗಿ ಒಮ್ಮೊಮ್ಮಿ ಅದೂ ಬಿಡ್ತದ್ರಿ!"

"ಹೌದೇನು? ಹಂಗಾದ್ರ ನಾಳಿಂದ ನೀನೇ ಬಂದು ಮಾಡು."

"ನಾ ಮಾಡಿದ್ರ ನೀವು ಉಣ್ತೀರೇನ್ರಿ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ನಗುತ್ತ ಹೋಗುವವಳು.

ಅದು ಎಂದರೆ ಆಕೆಯ ಕರಿ ಹೆಣ್ಣುಹಂದಿ. ತಾಯಿ ಲಾರಿಗೆ ಸಿಕ್ಕು ಸತ್ತಾಗ ಒಂದೇ ಮರಿ ಉಳಿದಿತ್ತಂತೆ. ಬಟ್ಟೆಯ ಬತ್ತಿಯನ್ನು ಗಂಜಿಯಲ್ಲಿ ಅದ್ದಿ ಚೀಪಿಸಿ, ಮಗ್ಗುಲಲ್ಲಿ ಮಲಗಿಸಿಕೊಂಡು ಬೆಳೆಸಿದ್ದಳು. ಸಂಜೆ ಜೋಪಡಿಯ ಮುಂದೆ ನಿಂತು, "ಬಾ ಬಾ ಬಾ, ಬಾರ ನನ್ನವ್ವಾ," ಎಂದು ಕೂಗಿದರೆ ಊರಲ್ಲಿ ಎಲ್ಲಿದ್ದರೂ ಓಡಿ ಬರುತ್ತಿತ್ತು. ಬೇರೆ ಎರಡು ಎಳೆಯ ಹಂದಿಗಳೂ ಇದ್ದವು, ಇದರ ಬಾಲ ಹಿಡಿದು ಬರುತ್ತಿದ್ದವು.

ನಮ್ಮ ಊರಿನ ಹಂದಿಗಳಿಗೆ ಹಗ್ಗ ಇಲ್ಲ, ಬೇಲಿ ಇಲ್ಲ. ಎಲ್ಲರ ಹಂದಿಗಳೂ ಎಲ್ಲ ಗಲ್ಲಿಗಳಲ್ಲೂ ಮೇಯುತ್ತವೆ. ಯಾರದು ಯಾವುದು ಎನ್ನುವುದಕ್ಕೆ ಇರುವುದು ಕಿವಿಯ ಗುರುತೊಂದೇ. ಮರಿ ಇದ್ದಾಗಲೇ ಬ್ಲೇಡಿನಿಂದ ಕಿವಿ ಕೊಯ್ದು ಬೂದಿ ಒತ್ತುತ್ತಾರೆ. ಒಂದೊಂದು ಮನೆಗೆ ಒಂದೊಂದು ಕೊಯ್ತ. ಈಕೆಯ ಗುರುತು ಎಂದರೆ ಬಲಗಿವಿಯ ತುದಿ ಹಾರಿಸಿ, ಎಡಗಿವಿಯಲ್ಲಿ ಒಂದು ಕಚ್ಚು. ಅಕ್ಷರ ಬಾರದವರೂ ಅದನ್ನು ದೂರದಿಂದ ಓದುತ್ತಿದ್ದರು.

ಪ್ಲಾಟಿನ ಆಚೆ ಬದಿಗೆ ಒಬ್ಬ ರಿಟೈರ್ಡ್ ಸಾಹೇಬರ ಬಂಗಲೆ. ಪ್ಲಾಟು ಅವರ ಭಾವಮೈದನದು, ನೋಡಿಕೊಳ್ಳುವವರು ಇವರು. ಜೋಪಡಿ ಕೀಳಿಸಬೇಕೆಂದು ಅವರಿಗೆ ಬಹಳ ದಿನದ ಆಸೆ. ಹೋದ ಮಳೆಗಾಲ ಗಲ್ಲಿಯವರನ್ನೆಲ್ಲ ಗುಡಿಯ ಕಟ್ಟೆಗೆ ಕೂಡಿಸಿ ಈಕೆಯಿಂದ ಮಾತು ತೆಗೆದುಕೊಂಡರು. ಆಕೆಯ ಹಂದಿ ಯಾರಿಗಾದರೂ ಬಾಯಿ ಹಾಕಿದರೆ ಜೋಪಡಿ ಬಿಟ್ಟು ಹೋಗಬೇಕು. ಆಕೆ ಹೂಂ ಎಂದಳು. ಹೂಂ ಎನ್ನದೆ ಮತ್ತೇನು ಹೇಳಿಯಾಳು? ಆಗಲೇ ಆಕೆಯ ಮಗಳು ಬಸುರಿ, ತವರಿಗೆ ಬರುವವಳಿದ್ದಳು.

ಚಳಿ ಬೀಳುವ ಹೊತ್ತಿಗೆ ಆ ತಗಡಿನೊಳಗೇ ಮಗಳು ಹಡೆದಳು. ಗಂಡು ಕೂಸು. ಅದೇ ವಾರ ಹಂದಿಗೂ ದಿನ ತುಂಬಿತ್ತು.

ಈಯುವ ಮುನ್ನ ಹೆಣ್ಣುಹಂದಿಗೆ ಒಂದು ಹುಚ್ಚು ಹಿಡಿಯುತ್ತದೆ. ಮನುಷ್ಯರ ಮಧ್ಯೆ ಎಷ್ಟು ತಲೆಮಾರು ಕಳೆದಿದ್ದರೂ ಕಾಡಿನ ಆ ಚಾಳಿ ಬಿಟ್ಟಿಲ್ಲ. ಹುಲ್ಲು, ತೊಪ್ಪಲು, ಗೋಣಿಚೀಲ, ಸಿಕ್ಕಿದ್ದನ್ನೆಲ್ಲ ಬಾಯಲ್ಲಿ ಕಚ್ಚಿ ತಂದು ಗೂಡು ಹಾಸುತ್ತದೆ. ಕರಿ ಹಂದಿ ಒಂದು ದಿನವಿಡೀ ಹಾಗೆ ಓಡಾಡಿತು. ಸಾಹೇಬರ ಹೆಂಡತಿ, ಗಲ್ಲಿಯವರೆಲ್ಲ ಬಾಯಿಯವರು ಎನ್ನುವವರು, ಕೆಂಪು ಅಂಚಿನ ಒಂದು ಹಸಿರು ಇಳಕಲ್ ಸೀರೆಯನ್ನು ಕಾಂಪೌಂಡ್ ಗೋಡೆಯ ಮೇಲೆ ಒಣಗಹಾಕಿದ್ದರು, ತಮ್ಮ ಬಸುರಿ ಮಗಳ ಸೀಮಂತದ ಕುಬಸಕ್ಕೆಂದು ತಂದಿದ್ದ ಸೀರೆ. ಸೆರಗು ಗೋಡೆಯಾಚೆ ಕೆಳಕ್ಕೆ ಇಳಿಬಿದ್ದಿತ್ತು. ಹಂದಿ ಸೆರಗು ಹಿಡಿದು ಎಳೆದುಕೊಂಡು ಹೋಗಿ ಪ್ಲಾಟಿನ ಜಾಲಿಯ ಬುಡದಲ್ಲಿ ಹಾಸಿ, ಅದರ ಮೇಲೆಯೇ ಈಯಿತು.

ಬೆಳಿಗ್ಗೆ ಸೀರೆ ಹುಡುಕುತ್ತ ಬಂದ ಬಾಯಿಯವರಿಗೆ ಕಂಡದ್ದು ಕೆಂಪು ಅಂಚಿನ ಮೇಲೆ ಸಾಲಾಗಿ ಮಲಗಿ ಹಾಲು ಕುಡಿಯುತ್ತಿದ್ದ ಮರಿಗಳು. ಅವರು ಸೀರೆಯ ತುದಿ ಹಿಡಿದು ಜಗ್ಗಿದರು. ಮರಿಗಳು ಉರುಳಿ ಕಿರುಚಿದವು. ಹಸಿ ಬಾಣಂತಿ ಹಂದಿಯ ಮುಂದೆ ಹಾಗೆ ಮಾಡಿದರೆ ಏನಾಗುತ್ತದೆಂದು ಹೇಳಲು ಕಾನ್ವೆಂಟಿಗೆ ಹೋಗಬೇಕಿಲ್ಲ. ಅವರ ಅಂಗೈಯನ್ನು ಅದು ಮಾಂಸ ಕಾಣುವ ಹಾಗೆ ಹರಿಯಿತು.

ಹೆಂಡತಿಯನ್ನು ಕಾರಿನಲ್ಲಿ ಕೂರಿಸಿ ದವಾಖಾನೆಗೆ ಹೊರಟ ಸಾಹೇಬರು ಗೇಟಿನಲ್ಲಿ ನಿಂತು ಗಲ್ಲಿಗೆಲ್ಲ ಕೇಳುವಂತೆ ಹೇಳಿದರು. "ಹೊಳ್ಳಿ ಬಂದು ಅದರ ಕಿವಿ ನೋಡ್ತೀನಿ. ಗುರ್ತು ಯಾರದದ ಅವರ ಜೋಪಡಿ ಇವತ್ತೇ ಕೀಳಸ್ತೀನಿ. ಬಾಣಂತಿ ಅದಾಳ, ಕೂಸು ಅದ ಅಂತ ಯಾರೂ ನನ್ನ ಮುಂದ ಅಳಬ್ಯಾಡ್ರಿ."

ಸ್ವಲ್ಪ ಹೊತ್ತಿಗೆ ಆಕೆ ನನ್ನ ಹಿತ್ತಿಲ ಬಾಗಿಲಿಗೆ ಬಂದಳು. ಕೈಯಲ್ಲಿ ಬುಟ್ಟಿ ಇರಲಿಲ್ಲ.

"ಅಕ್ಕೋರೆ, ಒಂದೀಟು ಅರಿಶಿಣ ಕೊಡ್ರಿ."

ಬಾಣಂತಿಗೆ ಇರಬೇಕೆಂದುಕೊಂಡು ಒಂದು ವಾಟಗ ತುಂಬ ಕೊಟ್ಟೆ. ಇಸಿದುಕೊಂಡು ಹೋದಳು. ನಾನು ಒಣಗಿದ ಬಟ್ಟೆ ತರಲು ಮಾಳಿಗೆ ಹತ್ತಿದೆ. ಅಲ್ಲಿಂದ ಇಡೀ ಪ್ಲಾಟು ಕಾಣುತ್ತದೆ.

ಜಾಲಿಯ ಬುಡದಲ್ಲಿ ಆಕೆ ಹಂದಿಯ ತಲೆ ಹತ್ತಿರ ಕುಕ್ಕರಗಾಲಲ್ಲಿ ಕುಳಿತಿದ್ದಳು. ಒಂದು ಕೈಯಿಂದ ಅದರ ಹೊಟ್ಟೆ ತುರಿಸುತ್ತ, ಏನೋ ಮೆಲ್ಲಗೆ ಹೇಳುತ್ತಿದ್ದಳು. ಹಂದಿ ಕಣ್ಣು ಮುಚ್ಚಿ ಮಗ್ಗುಲಾಗಿ ಚಾಚಿಕೊಂಡಿತ್ತು. ಇನ್ನೊಂದು ಕೈಯಲ್ಲಿ ಬ್ಲೇಡು. ನಾನು ಬೇಡ ಎಂದು ಕೂಗುವಷ್ಟರಲ್ಲಿ ಬಲಗಿವಿ ಬುಡಮಟ್ಟ ಆಕೆಯ ಕೈಗೆ ಬಂದಿತ್ತು. ಹಂದಿ ಕಿರುಚಿ ಎದ್ದು ಆಕೆಯನ್ನು ಕೆಡವಿ ಗೋಡೆಯವರೆಗೆ ಓಡಿತು. ಆಕೆ ಎದ್ದು ಮಣ್ಣು ಕೊಡವಿಕೊಂಡು ಮತ್ತೆ ಕುಳಿತಳು.

"ಬಾ ಬಾ ಬಾ, ಬಾರ ನನ್ನವ್ವಾ."

ಬಂತು. ತಲೆ ಕೊಡವುತ್ತ, ರಕ್ತ ಸಿಡಿಸುತ್ತ ಬಂದು ಅದೇ ಜಾಗದಲ್ಲಿ ಮಲಗಿತು. ಎಡಗಿವಿಯನ್ನೂ ಕೊಯ್ದಳು. ಮತ್ತೆ ಓಡಿತು. ಮತ್ತೆ ಕರೆದಳು. ಈ ಸಲ ಅರಿಶಿಣ ಹಚ್ಚಲಿಕ್ಕೆ. ಅದಕ್ಕೂ ಬಂತು.

ಕಿವಿಗಳೆರಡನ್ನೂ ಒಲೆಗೆ ಹಾಕಿರಬೇಕು. ಕೂದಲು ಸುಟ್ಟ ವಾಸನೆ ನನ್ನ ಅಡುಗೆಮನೆಯವರೆಗೂ ಬಂದಿತ್ತು.

ಮಧ್ಯಾಹ್ನ ಸಾಹೇಬರ ಕಾರಿನ ಹಿಂದೆಯೇ ಒಂದು ಟೆಂಪೊ ಬಂತು. ಹಂದಿ ಹಿಡಿಯುವವರು, ಹುಮನಾಬಾದ್ ಕಡೆಯಿಂದ ಕರೆಸಿದ್ದು. ಬಲೆ, ಬಡಿಗೆ, ತಂತಿಯ ಸುರುಳಿ ಇಳಿಸಿದರು. ಗಲ್ಲಿಯೆಲ್ಲ ಪ್ಲಾಟಿನಲ್ಲಿ ಸೇರಿತು. ನಾನೂ ಹೋದೆ. ಆಕೆ ಜೋಪಡಿಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಒಳಗೆ ಕೂಸು ಅಳುತ್ತಿತ್ತು.

ಸಾಹೇಬರು ದೂರದಿಂದಲೇ ಹಂದಿಯನ್ನು ನೋಡಿದರು. ತಲೆಯ ಎರಡೂ ಬದಿಗೆ ಕಿವಿ ಇರಲಿಲ್ಲ. ಹಸಿ ಗಾಯ, ಮೇಲೆ ಹಳದಿ.

"ಕಿವಿ ಎಲ್ಲಿ ಹೋದ್ವು?"

"ನಾಯಿ ಹರದಾವ್ರಿ, ಸಾಹೇಬ್ರ," ಎಂದಳು ಆಕೆ.

"ಹೌದಾ? ಹರದು, ಮ್ಯಾಲ ಅರಿಶಿಣ ಹಚ್ಚಿ ಹೋದ್ವೇನು? ಭಾಳ ಸಂಸ್ಕಾರದ ನಾಯಿ ಬಿಡು."

ಜನ ನಕ್ಕರು. ಆಕೆಯ ಕೈ ತಾನಾಗಿಯೇ ಸೆರಗಿಗೆ ಹೋಯಿತು. ಬೆರಳೆಲ್ಲ ಹಳದಿ. ಕಿವಿ ಕೊಯ್ಯುವಷ್ಟು ಗಟ್ಟಿ ಮನಸ್ಸು ಮಾಡಿದವಳಿಗೆ ಹಾಗೇ ಬಿಟ್ಟು ಬರುವಷ್ಟು ಗಟ್ಟಿ ಮನಸ್ಸು ಇರಲಿಲ್ಲ. ಗಾಯ ಕಂಡರೆ ಅರಿಶಿಣ. ಕೈ ಅದನ್ನಷ್ಟೇ ಕಲಿತಿತ್ತು.

"ಮೂಕ ಪ್ರಾಣಿ, ನೋಡಾಕ ಆಗ್ಲಿಲ್ರಿ. ಹಚ್ಚಿನ್ರಿ. ನಂದಲ್ರಿ ಅದು."

ಆಕೆಯ ದನಿ ಕೇಳಿ ಹಂದಿ ತಲೆ ಎತ್ತಿತು. ಹಿಡಿಯುವವರ ಮುಖಂಡನಿಗೆ ಅದು ಕಂಡಿತು. "ಸಾಬ್, ಈಕಿ ಮಾತಾಡಿದ್ರ ಅದು ಹೊಳ್ಳಿ ನೋಡಾಕತ್ತದ."

ಸಾಹೇಬರ ಮುಖ ಅರಳಿತು. "ಏ, ಇನ್ನೊಮ್ಮಿ ಹೇಳು. ಯಾರದು?"

"ನಂದಲ್ರಿ."

ಹಂದಿ ಗುರುಗುಟ್ಟಿ ಎದ್ದು ನಿಂತಿತು.

"ಜೋರಾಗಿ ಹೇಳು, ಹಿಂದಿನವರಿಗಿ ಕೇಳ್ಸಂಗಿಲ್ಲ."

"ನಂದಲ್ರಿ! ದೇವ್ರಾಣಿ ನಂದಲ್ರಿ!"

ಹಂದಿ ನಾಲ್ಕು ಹೆಜ್ಜೆ ಮುಂದೆ ಬಂತು. ಜನರಿಗೆ ಆಟ ಸಿಕ್ಕಂತಾಯಿತು. "ಮತ್ತ ಹೇಳವ್ವ, ಮತ್ತ ಹೇಳು," ಎಂದು ಹಿಂದಿನಿಂದ ಕೂಗಿದರು. ಒಬ್ಬ ಸೀಟಿ ಹೊಡೆದ. ಆಕೆ ಬಾಯಿ ಮುಚ್ಚಿದಳು. ಸುಮ್ಮನಿದ್ದರೆ ಒಪ್ಪಿದ ಹಾಗೆ, ಮಾತಾಡಿದರೆ ಹಂದಿ ಬರುತ್ತದೆ. ಒಳಗೆ ಕೂಸಿನ ಅಳು ಏರುತ್ತಿತ್ತು.

ನನಗೆ ತಡೆಯಲಾಗಲಿಲ್ಲ. ಸಾಹೇಬರಿಗೆ ಇಂಗ್ಲಿಷಿನ ಮೇಲೆ ಗೌರವ ಇದೆಯೆಂದು ಅದನ್ನೇ ಹಿಡಿದೆ. "ದಿಸ್ ಪ್ರೂವ್ಸ್ ನಥಿಂಗ್. ಅನ್ನ ಹಾಕಿದ ಯಾರ ದನಿಗಾದರೂ ಹಂದಿ ಬರುತ್ತದೆ. ಅದು ನನ್ನ ಮನೆಯ ಅನ್ನವನ್ನೂ ತಿಂದದ್ದೇ."

"ಮೇಡಂ, ಹಂಗಾದ್ರ ಪ್ಲೀಸ್, ನೀವೇ ಕರೀರಿ," ಎಂದರು ಅವರು ಬಹಳ ವಿನಯದಿಂದ.

ಕರೆದೆ. ಕ್ಲಾಸ್‌ರೂಮಿನ ಕಡೆಯ ಬೆಂಚಿಗೂ ಮುಟ್ಟುತ್ತಿದ್ದ ದನಿಯಲ್ಲಿ, "ಬಾ ಬಾ ಬಾ," ಎಂದೆ. ಹಂದಿ ನನ್ನ ಕಡೆ ಹೊರಳಿಯೂ ನೋಡಲಿಲ್ಲ. ಗಲ್ಲಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನ್ನ ಹಳೆಯ ವಿದ್ಯಾರ್ಥಿಗಳೇ ಅದರಲ್ಲಿ ಅರ್ಧ ಜನ.

ಆ ನಗುವಿನ ನಡುವೆಯೇ ಆಕೆ ಬಾಗಿಲು ಬಿಟ್ಟು ಬಂದು, ಮುಖಂಡನ ಕೈಯಿಂದ ಬಡಿಗೆ ಕಿತ್ತುಕೊಂಡು ಹಂದಿಯ ಮೂತಿಗೆ ಹೊಡೆದಳು. ಅದರ ಮೈಯಲ್ಲೆಲ್ಲ ಮೆತ್ತಗಿನ ಜಾಗ ಅದು. ನಮ್ಮ ಬೆರಳ ತುದಿಯ ಹಾಗೆ, ಮುಟ್ಟಿದ್ದೆಲ್ಲ ತಿಳಿಯುವುದು ಅಲ್ಲಿಯೇ. "ನಂದಲ್ಲ ಅಂದೆ! ಹೋಗು! ಹೋಗು ಹಾಳಾಗಿ! ನಂದಲ್ಲ!" ಹೊಡೆತಕ್ಕೊಂದು ಸಲ ಕೂಗಿದಳು. ಹಂದಿ ಓಡಿಹೋದರೆ ಸಾಕು ಎಂದು ನಾನೂ ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

ಅದು ಓಡಲಿಲ್ಲ. ಮೂಗಿನಿಂದ ರಕ್ತ ಸೋರುತ್ತ ಆಕೆಯ ಕಾಲಬುಡಕ್ಕೆ ಬಂದು, ಮಗ್ಗುಲಾಗಿ ಮಲಗಿ, ಕೆಚ್ಚಲು ತೆರೆದು, ಗಂಟಲಲ್ಲೇ ಆ ಲಯ ಶುರುಮಾಡಿತು. ಜಾಲಿಯ ಬುಡದಿಂದ ಮರಿಗಳು ಒಂದರ ಮೇಲೊಂದು ಬಿದ್ದು ಓಡಿ ಬಂದು ತಮ್ಮ ತಮ್ಮ ಮೊಲೆ ಹುಡುಕತೊಡಗಿದವು.

ನಗು ನಿಂತಿತು. ಇನ್ನು ಯಾರಿಗೂ ಸಾಕ್ಷಿ ಬೇಕಿರಲಿಲ್ಲ. ಎಲ್ಲರೂ ಸಾಹೇಬರ ಮುಖ ನೋಡಿದರು. ಅವರು ಕನ್ನಡಕ ತೆಗೆದು ಒರೆಸಿಕೊಂಡು ಹಾಕಿಕೊಂಡರು.

"ಆಯ್ತು. ನಿಂದಲ್ಲ ಅಂತೀ, ನಿಂದಲ್ಲ. ನಾ ಮಾತಿಗಿ ತಪ್ಪಾಂವ ಅಲ್ಲ. ಜೋಪಡಿ ಇರ್ಲಿ. ಖರೆ ಇವರು ಮುಟ್ಟಾಕ ಹೋದ್ರ ಅದು ಕಚ್ತದ. ನೀನೇ ಕಟ್ಟಿ ಕೊಡು."

ಜೋಪಡಿ ಕೀಳಿಸಿದ್ದರೆ ಅವರಿಗೆ ಅಷ್ಟು ತೃಪ್ತಿ ಆಗುತ್ತಿತ್ತೋ ಇಲ್ಲವೋ.

ಆಕೆ ತಂತಿ ಇಸಿದುಕೊಂಡು ಕುಳಿತಳು. ಮೂತಿಗೆ ತಂತಿ ಸುತ್ತಿ ಬಿಗಿದಳು. ಮುಂಗಾಲೆರಡು ಕಟ್ಟಿದಳು, ಹಿಂಗಾಲೆರಡು ಕಟ್ಟಿದಳು. ಒಂದು ಮಾತಿಲ್ಲ. ಹಂದಿ ಮಾತ್ರ ಮೂತಿ ಕಟ್ಟಿದ ಮೇಲೂ ಗಂಟಲಲ್ಲಿ ಹಾಲೂಡುವ ದನಿ ಬಿಡಲಿಲ್ಲ. ಹಿಡಿಯುವವರು ಮರಿಗಳನ್ನು ಒಂದೊಂದಾಗಿ ಕಿತ್ತು ಗೋಣಿಚೀಲಕ್ಕೆ ತುಂಬಿದರು. ಒಂದು ಮರಿ ಎಷ್ಟು ಕಿತ್ತರೂ ಬಾಯಿ ಬಿಡದಿದ್ದಾಗ ಆಕೆಯೇ ಬೆರಳಿಟ್ಟು ಬಿಡಿಸಿಕೊಟ್ಟಳು. ಹಂದಿಯನ್ನು ಬಡಿಗೆಗೆ ತಲೆಕೆಳಗಾಗಿ ತೂಗಿಸಿ ಟೆಂಪೊಗೆ ಎಸೆದರು. ಹುಮನಾಬಾದ್ ರಸ್ತೆಯ ತಿರುವಿನವರೆಗೂ ಆ ಚೀಲದ ಸದ್ದು ಕೇಳುತ್ತಿತ್ತು.

ಗೇಟಿನಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದ ಬಾಯಿಯವರು ಜಾಲಿಯ ಕಡೆ ಗದ್ದ ಚಾಚಿ, "ಆ ಸೀರಿ ಆಕಿಗೇ ಬಿಡ್ರಿ. ಹಂದಿ ಬಾಣಂತನ ಆತು, ಇನ್ನ ಮಗಳ ಬಾಣಂತನಕ್ಕ ಆಗ್ತದ," ಎಂದರು. ಒಂದಿಬ್ಬರು ನಕ್ಕರು.

ಆಗ್ತದ ಎಂದದ್ದು ಸುಳ್ಳಾಗಲಿಲ್ಲ. ಇಳಕಲ್ ಸೀರೆ ಗಟ್ಟಿ. ಆಕೆ ಅದನ್ನು ಒಗೆದು, ಒಣಗಿಸಿ, ಜೋಪಡಿಯ ತೊಲೆಗೆ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸಿದಳು. ಬಾಗಿಲು ತೆರೆದಿದ್ದಾಗ ಕೆಂಪು ಅಂಚು ನನ್ನ ಹಿತ್ತಿಲಿನಿಂದ ಕಾಣುತ್ತದೆ.

ಉಳಿದ ಎರಡು ಎಳೆಯ ಹಂದಿಗಳು ಆವತ್ತು ಸಂತೆಯ ಕಡೆ ಇದ್ದುದರಿಂದ ಉಳಿದವು. ಅವುಗಳ ಕಿವಿಯ ಗುರುತನ್ನೂ ಆಕೆ ತೆಗೆದುಬಿಟ್ಟಳು. ಈಗ ಸಂಜೆ "ಬಾ ಬಾ ಬಾ" ಎಂದು ಕೂಗುವುದಿಲ್ಲ. ತಗಡಿನ ತಾಟು ಬಡಿದು ಬರಲು ಕಲಿಸಿದ್ದಾಳೆ. ತಾಟನ್ನು ಯಾರಾದರೂ ಬಡಿಯಬಹುದು. ಗಲ್ಲಿಯಲ್ಲಿ ಹೋಗುವಾಗ ಯಾರು ಮಾತಾಡಿಸಿದರೂ ಬರೀ ತಲೆ ಆಡಿಸುತ್ತಾಳೆ. ನನ್ನ ಹಿತ್ತಿಲಿಗೆ ಬಂದರೂ ಅಷ್ಟೇ. ಬುಟ್ಟಿಯ ಅಂಚನ್ನು ಬಾಗಿಲಿಗೆ ತಾಗಿಸಿ ಸದ್ದು ಮಾಡಿ ನಿಲ್ಲುತ್ತಾಳೆ. ನನ್ನ ಅಡುಗೆಯನ್ನು ಹೀಯಾಳಿಸುವವರು ಈಗ ಯಾರೂ ಇಲ್ಲ.

ಮೊನ್ನೆ ಅನ್ನ ಕೊಡಲು ನಾನೇ ಜೋಪಡಿಯವರೆಗೆ ಹೋದೆ. ಮಗಳು ಕೂಲಿಗೆ ಹೋಗಿದ್ದಳು. ಕೂಸು ಜೋಳಿಗೆಯಲ್ಲಿ ಮುಖ ಕೆಂಪಗೆ ಮಾಡಿಕೊಂಡು ಅಳುತ್ತಿತ್ತು. ಆಕೆ ಹಗ್ಗ ಹಿಡಿದು ತೂಗುತ್ತಿದ್ದಳು, ಬಾಯಿ ಬಿಗಿಹಿಡಿದು.

"ಒಂದು ಜೋಗುಳ ಹಾಡಬಾರದೇನ? ಎಷ್ಟು ಅಳಾಕತ್ತದ ಪಾಪ," ಎಂದೆ.

ಆಕೆ ಬಾಗಿಲಾಚೆ ನೋಡಿದಳು. ಜಾಲಿಯ ನೆರಳಲ್ಲಿ ಎರಡೂ ಹಂದಿಗಳು ಮಲಗಿದ್ದವು. ಪ್ಲಾಟಿನಾಚೆ ಸಾಹೇಬರು ಗೇಟಿಗೆ ನೀರು ಹಾಕಿ ತೊಳೆಸುತ್ತಿದ್ದರು. ಆಕೆ ನನ್ನ ಕಿವಿಯ ಹತ್ತಿರ ಬಂದು, ಉಸಿರಿನಲ್ಲೇ, "ಹಾಡಿದ್ರ ಎದ್ದು ಬರ್ತಾವ್ರಿ ಅಕ್ಕೋರೆ," ಎಂದಳು.

ಮತ್ತೆ ಹೋಗಿ ಹಗ್ಗ ಹಿಡಿದಳು. ಕೂಸು ಅತ್ತು ಅತ್ತು ತಾನೇ ಸುಸ್ತಾಗಿ ಮಲಗುವವರೆಗೂ ಹಾಗೇ ತೂಗಿದಳು.